ಮಹಾಪೂರದ ದೋಣಿಯ ಮೋಟಾರು: ಕಿಡಿಯ ಸ್ವಿಚ್ಚು ಮತ್ತು ಚೋಕ್ ಸ್ವಿಚ್ಚುಗಳ ತಂತಿ ಜೋಡಣೆ

ಕೃಷ್ಣಾ ನದಿಯೂ ಅದರ ಕಡೆಗೆ ಹರಿದುಬರುವ ದೂಧಗಂಗಾ, ವೇದಗಂಗಾ ನದಿಗಳೂ ಇರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಮಹಾಪೂರವು ಬರಬೇಕಾದರೆ ಆಯಾ ಊರಿನಲ್ಲಿಯೇ ಮಳೆ ಬೀಳಬೇಕೆಂಬ ನಿಯಮವಿಲ್ಲ. ಮಳೆಯು ಸಹ್ಯಾದ್ರಿಯ ನೆತ್ತಿಯ ಮೇಲೆ ಸುರಿಯುತ್ತದೆ. ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಹತ್ತಿರ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ, ಹೀಗೆ ಒಂದೊಂದೇ ನದಿಯು ಕೃಷ್ಣೆಯನ್ನು ಕೂಡಿಕೊಳ್ಳುವುದರಿಂದ ಈ ಸೀಮೆಯಲ್ಲಿ ಬಿಸಿಲಿರುವಾಗಲೂ ಹೊಳೆಯು ದಂಡೆ ಮೀರಿ ಬರುವುದುಂಟು. ೨೦೦೫, ೨೦೧೯ ಮತ್ತು ೨೦೨೧ನೆಯ ಇಸವಿಗಳ ಮಹಾಪೂರಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ೨೦೧೯ರ ಆಗಸ್ಟ್ ತಿಂಗಳಿನ ಪೂರವು ಆಶ್ಲೇಷಾ ಮಳೆಯಲ್ಲಿಯೂ, ೨೦೨೧ರ ಜುಲೈ ತಿಂಗಳಿನ ಪೂರವು ಪುಷ್ಯ ಮಳೆಯಲ್ಲಿಯೂ ಬಂದವು. ಎರಡು ಸಲವೂ ನಿಪ್ಪಾಣಿಯ ಬಳಿಯ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಆವರಿಸಿತು.

ಮಹಾಪೂರವು ಊರೊಳಗೆ ಬರುವುದಕ್ಕೆ ಮೊದಲೇ ಕೆಳಮಟ್ಟದ ಸೇತುವೆಗಳೂ ಬಾಂದಾರಗಳೂ ಮುಳುಗುತ್ತವೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ ಮೊದಲಾದ ದಾರಿಗಳು ಮಳೆಗಾಲದಲ್ಲಿ ಹೀಗೆ ಕಡಿದುಹೋಗುತ್ತ ಬಂದಿವೆ. ಕುಡಚಿ–ಉಗಾರ ದಾರಿಯೂ ನಿಂತುಹೋದುದುಂಟು. ಆ ಮೇಲೆ ತೋಟಪಟ್ಟಿಯ ಮನೆಗಳಲ್ಲಿ ಉಳಿದವರಿಗೆ ಹೊರಗೆ ಬರಲು ದೋಣಿಯೊಂದೇ ಗತಿ. ಅಂಬಿಗರ ಹುಟ್ಟಿನ ದೋಣಿಯೂ ಹರಗೋಲೂ ಶಾಂತವಾದ ಹೊಳೆಗೆ ಸಾಕು. ತುಂಬಿದ ಹೊಳೆಯ ಸೆಳವಿಗೆ ಎದುರಾಗಿ ಹೋಗಲು ಅವುಗಳಿಂದಾಗದು. ಆದ್ದರಿಂದ ವಿಪತ್ತು ನಿರ್ವಹಣಾ ಪಡೆಗಳವರೂ ಅಗ್ನಿಶಾಮಕ ದಳದವರೂ ಮೋಟಾರು ತಗಲಿಸಿದ ದೋಣಿಗಳನ್ನು ಉಪಯೋಗಿಸುತ್ತಾರೆ. ಪಂಚಾಯತಿಯಾಗಲಿ, ಸಹಕಾರಿ ಸಂಘವಾಗಲಿ, ಹೊಳೆಯ ದಂಡೆಯ ದೊಡ್ಡ ಜಮೀನುದಾರರಾಗಲಿ ಇಂಥ ದೋಣಿಯನ್ನು ಇಟ್ಟುಕೊಂಡಿದ್ದರೆ, ಪಡೆಯವರು ಬರುವತನಕ ಅದು ಊರಿನ ದೊಡ್ಡ ಆಧಾರವಾಗುತ್ತದೆ.

ಆದರೆ ದೋಣಿ ಇದ್ದ ಮಾತ್ರಕ್ಕೆ ಕೆಲಸವಾಗಲಿಲ್ಲ. ಅದರ ಮೋಟಾರು ಬೇಕೆಂದೊಡನೆ ಚಾಲೂ ಆಗಬೇಕು. ಅದಕ್ಕಿಂತಲೂ ಮುಖ್ಯವಾಗಿ, ಬೇಡವೆಂದೊಡನೆ ನಿಲ್ಲಬೇಕು. ನೀರಿನಲ್ಲಿ ಬಿದ್ದವರನ್ನು ಎತ್ತಿಕೊಳ್ಳುವ ಹೊತ್ತಿನಲ್ಲಿ ತಿರುಗುತ್ತಿರುವ ಪಂಖೆಯು ಕೊಡಲಿಗಿಂತ ಹರಿತವಾದುದು. ಈ ಎರಡೂ ಗುಣಗಳು ಬೆರಳಿಗಿಂತ ತೆಳ್ಳಗಾದ ಐದಾರು ತಂತಿಗಳನ್ನೂ ಎರಡು ಸ್ವಿಚ್ಚುಗಳನ್ನೂ ಅವಲಂಬಿಸಿವೆ. ಅವುಗಳ ಜೋಡಣೆಯ ಕ್ರಮವನ್ನು ಗ್ರಾಮ ಪ್ರಮುಖರೂ ಜಮೀನುದಾರರೂ ತಿಳಿದಿದ್ದರೆ, ಕೆಲಸವನ್ನು ಮಿಸ್ತ್ರಿಯಿಂದಲೇ ಮಾಡಿಸಿದರೂ ಅದು ಸರಿಯಾಯಿತೋ ಇಲ್ಲವೋ ಎಂಬುದನ್ನು ತಾವೇ ಪರೀಕ್ಷಿಸಿ ನೋಡಬಹುದು.

ಮೋಟಾರಿನ ಸ್ವರೂಪ

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ ಈ ಯಂತ್ರಕ್ಕೆ ಔಟ್‌ಬೋರ್ಡ್ ಮೋಟಾರು ಎಂದು ಹೆಸರು. ಎಂಜಿನ್ನು ಮೇಲೆ, ಉದ್ದನೆಯ ಕಾಲು ನೀರಿನೊಳಗೆ, ಕಾಲಿನ ತುದಿಯಲ್ಲಿ ಪಂಖೆ, ಇಷ್ಟೇ ಅದರ ಆಕಾರ. ನಾರ್ವೆ ದೇಶದಲ್ಲಿ ಹುಟ್ಟಿ ಅಮೇರಿಕಕ್ಕೆ ಹೋಗಿ ನೆಲೆಸಿದ ಓಲ್ ಎವಿನ್ರೂಡ್ ಎಂಬ ಯಂತ್ರಕಾರನು ೧೯೦೯ರಿಂದ ಇಂಥ ಮೋಟಾರುಗಳನ್ನು ಮಾರತೊಡಗಿದ ಮೇಲೆ ಇವು ಎಲ್ಲೆಡೆಯಲ್ಲಿ ಹಬ್ಬಿದವು.

ಚಿಕ್ಕ ಮೋಟಾರುಗಳನ್ನು ಹಗ್ಗ ಎಳೆದು ಚಾಲೂ ಮಾಡುತ್ತಾರೆ. ಅವುಗಳಲ್ಲಿ ಬ್ಯಾಟರಿಯಿಲ್ಲ, ನಿಲ್ಲಿಸುವುದಕ್ಕೆ ಕೆಂಪು ಗುಂಡಿಯೊಂದು, ಚೋಕಿಗೆ ಕೈಯಿಂದ ಎಳೆಯುವ ಹಿಡಿಯೊಂದು ಇರುತ್ತವೆ. ದೊಡ್ಡವುಗಳಲ್ಲಿ ೧೨ ವೋಲ್ಟಿನ ಬ್ಯಾಟರಿ, ಕೀಲಿಕೈಯಿಂದ ತಿರುಗಿಸುವ ಸ್ವಿಚ್ಚು, ವಿದ್ಯುತ್ತಿನಿಂದ ನಡೆಯುವ ಚೋಕ್ ಇರುವುದುಂಟು. ಈ ಲೇಖನವು ಮುಖ್ಯವಾಗಿ ಎರಡನೆಯ ಬಗೆಗೆ ಸಂಬಂಧಿಸಿದುದು. ಆದರೆ ನಿಲ್ಲಿಸುವ ತತ್ತ್ವವು ಎರಡಕ್ಕೂ ಒಂದೇ. ಹೊಸ ಮಾದರಿಯ ಮೋಟಾರುಗಳಲ್ಲಿ ಇಂಧನವನ್ನು ಗಣಕಯಂತ್ರದ ಹಿಡಿತದಿಂದ ಸಿಂಪಡಿಸುವ ಏರ್ಪಾಡಿದ್ದು, ಅವುಗಳಿಗೆ ಚೋಕ್ ಇರುವುದಿಲ್ಲ. ಅಂಥವುಗಳ ತಂತಿಗಳನ್ನು ತಯಾರಕರ ಪುಸ್ತಕವಿಲ್ಲದೆ ಯಾರೂ ಬಿಚ್ಚಕೂಡದು.

ಕಿಡಿ ಹುಟ್ಟುವ ಬಗೆ, ಕಿಡಿ ನಿಲ್ಲಿಸುವ ಬಗೆ

ಎಂಜಿನ್ನಿನ ತಲೆಯ ಮೇಲೆ ಫ್ಲೈವೀಲ್ ಎಂಬ ಭಾರವಾದ ಚಕ್ರವಿದ್ದು, ಅದರ ಒಳಮೈಗೆ ಅಯಸ್ಕಾಂತಗಳನ್ನು ಕೂಡಿಸಿರುತ್ತಾರೆ. ಚಕ್ರವು ತಿರುಗಿದಾಗ ಅದರ ಕೆಳಗಿರುವ ಸುರುಳಿಗಳಲ್ಲಿ ವಿದ್ಯುತ್ತು ತಾನಾಗಿಯೇ ಹುಟ್ಟುತ್ತದೆ. ಅದು ಸಿ.ಡಿ.ಐ. ಎಂದು ಮೋಟಾರ್‌ಸೈಕಲ್ ಮಿಸ್ತ್ರಿಗಳು ಕರೆಯುವ ಡಬ್ಬಿಯಲ್ಲಿ ಶೇಖರವಾಗಿ, ತಕ್ಕ ಗಳಿಗೆಯಲ್ಲಿ ಇಗ್ನಿಷನ್ ಕಾಯಿಲ್ಲಿಗೆ ಹರಿದು, ಅಲ್ಲಿ ಸಾವಿರಾರು ವೋಲ್ಟುಗಳಿಗೆ ಏರಿ, ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಈ ಕಿಡಿಗೆ ಬ್ಯಾಟರಿಯ ಸಹಾಯವು ಬೇಕಾಗಿಲ್ಲವೆಂಬುದನ್ನು ಓದುಗರು ಮೊದಲು ಗಮನಿಸತಕ್ಕದ್ದು. ಬ್ಯಾಟರಿಯು ಸ್ಟಾರ್ಟರನ್ನು ತಿರುಗಿಸಲಿಕ್ಕೂ ಚೋಕನ್ನು ಎಳೆಯಲಿಕ್ಕೂ ಮಾತ್ರ ಇರುವುದು.

ಹಾಗಾದರೆ ಬ್ಯಾಟರಿಯನ್ನು ತಪ್ಪಿಸಿದರೂ ನಿಲ್ಲದ ಈ ಎಂಜಿನ್ನನ್ನು ನಿಲ್ಲಿಸುವುದು ಹೇಗೆ? ಕಾಲುವೆಯ ನೀರು ಹೊಲಕ್ಕೆ ಹೋಗದಂತೆ ಮಾಡಲು ಎರಡು ಉಪಾಯಗಳಿವೆ. ಒಂದು, ತೂಬನ್ನು ಮುಚ್ಚುವುದು. ಇನ್ನೊಂದು, ಹೊಲಕ್ಕಿಂತ ಮೇಲ್ಗಡೆಯಲ್ಲಿ ಕಾಲುವೆಯ ಒಡ್ಡನ್ನು ಕಡಿದು ನೀರನ್ನು ಹಳ್ಳಕ್ಕೆ ಬಿಡುವುದು. ಮನೆಯ ದೀಪದ ಸ್ವಿಚ್ಚು ತೂಬಿನಂತೆ. ಅದನ್ನು ಆರಿಸಿದಾಗ ತಂತಿಯು ಕಡಿದಂತಾಗಿ ವಿದ್ಯುತ್ತು ನಿಲ್ಲುತ್ತದೆ. ದೋಣಿಯ ಮೋಟಾರಿನ ಸ್ವಿಚ್ಚು ಒಡ್ಡು ಕಡಿದಂತೆ. ಸಿ.ಡಿ.ಐ. ಡಬ್ಬಿಯಿಂದ ಒಂದು ತಂತಿಯು ಹೊರಗೆ ಬಂದಿರುತ್ತದೆ. ಇದನ್ನು ಇಲ್ಲಿ ನಿಲುಗಡೆಯ ತಂತಿ ಎಂದು ಕರೆಯಬಹುದು. ಸ್ವಿಚ್ಚನ್ನು ಬಂದ್ ಮಾಡಿದಾಗ ಈ ತಂತಿಯು ಎಂಜಿನ್ನಿನ ಲೋಹದ ಮೈಗೆ ಕೂಡಿಕೊಳ್ಳುತ್ತದೆ. ಕಿಡಿಗೆ ಹೋಗಬೇಕಾದ ವಿದ್ಯುತ್ತು ಆ ದಾರಿಯಿಂದ ಹರಿದುಹೋಗಿ ಎಂಜಿನ್ನು ನಿಲ್ಲುತ್ತದೆ. ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಪೆಟ್ರೋಲ್ ಪಂಪುಗಳಲ್ಲಿಯೂ ನಿಲ್ಲಿಸುವ ಗುಂಡಿಯು ಸಾಮಾನ್ಯವಾಗಿ ಇದೇ ರೀತಿಯದು.

ಈ ಒಂದು ಮಾತನ್ನು ಚೆನ್ನಾಗಿ ಗ್ರಹಿಸಿದವರಿಗೆ ಮುಂದಿನದೆಲ್ಲ ಸುಲಭ. ಇದರಿಂದ ಮೂರು ನಿರ್ಣಯಗಳು ಹೊರಡುತ್ತವೆ.

೧. ನಿಲುಗಡೆಯ ತಂತಿಯು ಎಲ್ಲಿಯಾದರೂ ಕಡಿದುಹೋದರೆ ಮೋಟಾರು ಚೆನ್ನಾಗಿಯೇ ಚಾಲೂ ಆಗುತ್ತದೆ, ಆದರೆ ಕೀಲಿಕೈಯಿಂದ ನಿಲ್ಲುವುದಿಲ್ಲ. ಮೋಟಾರು ಓಡುತ್ತಿರುವುದರಿಂದ ಈ ದೋಷವು ಮೊದಲಿಗೆ ಕಣ್ಣಿಗೆ ಬೀಳದು.

೨. ಅದೇ ತಂತಿಯ ಮೇಲಿನ ರಬ್ಬರು ಸವೆದು ತಾಮ್ರವು ಎಂಜಿನ್ನಿನ ಮೈಗೆ ತಗಲಿದರೆ, ಎಷ್ಟು ತಿರುಗಿಸಿದರೂ ಕಿಡಿ ಬರುವುದಿಲ್ಲ.

೩. ಆ ತಂತಿಗೆ ಬ್ಯಾಟರಿಯ ೧೨ ವೋಲ್ಟುಗಳನ್ನು ಕೊಟ್ಟರೆ ಸಿ.ಡಿ.ಐ. ಡಬ್ಬಿಯು ಸುಟ್ಟುಹೋಗುತ್ತದೆ. ಅದನ್ನು ದುರಸ್ತಿ ಮಾಡಲು ಬರುವುದಿಲ್ಲ, ಹೊಸದನ್ನೇ ತರಬೇಕು. ಮಹಾಪೂರದ ವೇಳೆಯಲ್ಲಿ ಅದು ದೊರೆಯುವ ಮಾತಲ್ಲ.

ಮೂರನೆಯ ಕಾರಣದಿಂದಲೇ ಕಾರಿನ ಅಥವಾ ಟ್ರ್ಯಾಕ್ಟರಿನ ಕೀಲಿಕೈ ಸ್ವಿಚ್ಚನ್ನು ದೋಣಿಯ ಮೋಟಾರಿಗೆ ಹಾಕಕೂಡದು. ಕಾರಿನ ಸ್ವಿಚ್ಚು ಚಾಲೂ ಸ್ಥಾನದಲ್ಲಿ ಇಗ್ನಿಷನ್ನಿನ ತಿರುಪಿಗೆ ಬ್ಯಾಟರಿಯ ವಿದ್ಯುತ್ತನ್ನು ಕೊಡುತ್ತದೆ. ಬೆಲೆ ಕಡಿಮೆಯೆಂದು ಅದನ್ನು ತಂದು ಜೋಡಿಸಿದವರು ಹತ್ತು ಪಟ್ಟು ನಷ್ಟವನ್ನು ಅನುಭವಿಸಬೇಕಾದೀತು. ಅಂಗಡಿಯಲ್ಲಿ ಮ್ಯಾಗ್ನೆಟೋ ಬಗೆಯ ದೋಣಿಯ ಸ್ವಿಚ್ಚು ಎಂದೇ ಕೇಳಿ ಕೊಳ್ಳತಕ್ಕದ್ದು.

ಕೀಲಿಕೈ ಸ್ವಿಚ್ಚಿನ ತಿರುಪುಗಳು

ಇಂಥ ಸ್ವಿಚ್ಚಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಆರು ತಿರುಪುಗಳಿರುತ್ತವೆ. ಅವುಗಳ ಪಕ್ಕದಲ್ಲಿ ಇಂಗ್ಲಿಷಿನ ಅಕ್ಷರಗಳನ್ನು ಕೊರೆದಿರುತ್ತಾರೆ. ಅವುಗಳ ಅರ್ಥವು ಹೀಗಿದೆ.

ಎಂ: ನಿಲುಗಡೆಯ ತಂತಿ.
ಎಂ (ಎರಡನೆಯದು): ಎಂಜಿನ್ನಿನ ಮೈಗೆ ಹೋಗುವ ಕಪ್ಪು ತಂತಿ.
ಬಿ: ಬ್ಯಾಟರಿಯ ಧನ ತುದಿಯಿಂದ ಫ್ಯೂಸಿನ ಮೂಲಕ ಬರುವ ಕೆಂಪು ತಂತಿ.
ಎಸ್: ಸ್ಟಾರ್ಟರಿನ ರಿಲೇಗೆ ಹೋಗುವ ತಂತಿ.
ಎ (ಕೆಲವುಗಳಲ್ಲಿ ಐ): ದೀಪ, ಮೀಟರು ಮೊದಲಾದವುಗಳಿಗೆ ಹೋಗುವ ತಂತಿ.
ಸಿ: ಚೋಕಿಗೆ ಹೋಗುವ ತಂತಿ.

ಕೀಲಿಕೈಯು ಬಂದ್ ಸ್ಥಾನದಲ್ಲಿದ್ದಾಗ ಎರಡು ಎಂ ತಿರುಪುಗಳು ಒಂದಕ್ಕೊಂದು ಕೂಡಿರುತ್ತವೆ. ಚಾಲೂ ಸ್ಥಾನಕ್ಕೆ ತಿರುಗಿಸಿದಾಗ ಅವು ಅಗಲಿ, ಬಿ ಮತ್ತು ಎ ಕೂಡುತ್ತವೆ. ಸ್ಟಾರ್ಟ್ ಸ್ಥಾನದಲ್ಲಿ ಬಿ ಯೊಡನೆ ಎಸ್ ಕೂಡುತ್ತದೆ. ಕೈಬಿಟ್ಟೊಡನೆ ಸ್ಪ್ರಿಂಗಿನ ಬಲದಿಂದ ಕೀಲಿಕೈಯು ಚಾಲೂ ಸ್ಥಾನಕ್ಕೆ ಮರಳುತ್ತದೆ. ಕೀಲಿಕೈಯನ್ನು ಒಳಕ್ಕೆ ಒತ್ತಿದಾಗ ಬಿ ಮತ್ತು ಸಿ ಕೂಡಿ ಚೋಕ್ ಕೆಲಸ ಮಾಡುತ್ತದೆ. ಒತ್ತುವ ಏರ್ಪಾಡು ಇಲ್ಲದ ಸ್ವಿಚ್ಚಾದರೆ ಚೋಕಿಗೆ ಬೇರೆ ಗುಂಡಿಯನ್ನು ಹಾಕಬೇಕಾಗುತ್ತದೆ.

ಚೋಕ್ ಎಂದರೇನು?

ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಚೆನ್ನಾಗಿ ಆವಿಯಾಗುವುದಿಲ್ಲ. ಆದ್ದರಿಂದ ಮೊದಲ ಸಲ ಚಾಲೂ ಮಾಡುವಾಗ ಗಾಳಿಯನ್ನು ಕಡಿಮೆ ಮಾಡಿ ಪೆಟ್ರೋಲಿನ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ. ಕಾರ್ಬುರೇಟರಿನ ಬಾಯಿಯಲ್ಲಿರುವ ತೆಳು ತಗಡೊಂದು ಮುಚ್ಚಿಕೊಂಡು ಈ ಕೆಲಸವನ್ನು ಮಾಡುತ್ತದೆ; ಇದೇ ಚೋಕ್. ವಿದ್ಯುತ್ತಿನ ಚೋಕಿನಲ್ಲಿ ಸೋಲಿನಾಯ್ಡ್ ಎಂಬ ತಂತಿಸುರುಳಿಯಿರುತ್ತದೆ. ಅದಕ್ಕೆ ೧೨ ವೋಲ್ಟುಗಳು ದೊರೆತಾಗ ಅದು ಕಬ್ಬಿಣದ ಸಲಾಕೆಯನ್ನು ಒಳಕ್ಕೆ ಸೆಳೆದು ತಗಡನ್ನು ಮುಚ್ಚುತ್ತದೆ. ವಿದ್ಯುತ್ತು ನಿಂತೊಡನೆ ಸ್ಪ್ರಿಂಗು ಅದನ್ನು ತೆರೆಯುತ್ತದೆ.

ಈ ಸುರುಳಿಯು ಅಲ್ಪಕಾಲದ ಕೆಲಸಕ್ಕಾಗಿ ಮಾಡಿದ್ದು. ಅದರಲ್ಲಿ ವಿದ್ಯುತ್ತು ಬಹಳ ಹೊತ್ತು ಹರಿದರೆ ಅದು ಕಾದು ಸುಡುತ್ತದೆ. ಎಂಜಿನ್ನೂ ಪೆಟ್ರೋಲಿನಲ್ಲಿ ನೆನೆದು ಪ್ಲಗ್ಗು ಒದ್ದೆಯಾಗುತ್ತದೆ. ಆದುದರಿಂದ ಚೋಕಿಗೆ ಬೇರೆ ಗುಂಡಿ ಹಾಕುವಾಗ ಒತ್ತಿದಾಗ ಮಾತ್ರ ಕೂಡಿ, ಬಿಟ್ಟೊಡನೆ ಅಗಲುವ ಗುಂಡಿಯನ್ನೇ ಹಾಕತಕ್ಕದ್ದು. ಮನೆಯ ದೀಪದ ಸ್ವಿಚ್ಚಿನಂತೆ ಒತ್ತಿದಲ್ಲಿಯೇ ನಿಲ್ಲುವ ಸ್ವಿಚ್ಚನ್ನು ಹಾಕಲೇಕೂಡದು. ಗಡಿಬಿಡಿಯಲ್ಲಿ ಅದನ್ನು ಆರಿಸಲು ಮರೆಯುವುದು ಮನುಷ್ಯ ಸಹಜವಾದುದು.

ತಂತಿಗಳ ಬಣ್ಣಗಳು

ಬಣ್ಣಗಳು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತವೆ. ಯಮಾಹಾ ಮೋಟಾರುಗಳಲ್ಲಿ ನಿಲುಗಡೆಯ ತಂತಿಯು ಬಿಳಿಯದು, ಚೋಕಿನದು ನೀಲಿಯದು. ೨೦೨೦ರಲ್ಲಿ ತಯಾರಿಕೆ ನಿಂತುಹೋದ ಎವಿನ್ರೂಡ್ ಮೋಟಾರುಗಳ ಹಳೆಯ ಮಾದರಿಗಳಲ್ಲಿ ನಿಲುಗಡೆಯದು ಕಪ್ಪು ಮೈಯ ಮೇಲೆ ಹಳದಿ ಗೆರೆಯುಳ್ಳದ್ದು, ಚೋಕಿನದು ನೇರಳೆ ಮೈಯ ಮೇಲೆ ಬಿಳಿ ಗೆರೆಯುಳ್ಳದ್ದು.

ಮರ್ಕ್ಯುರಿ ಮೋಟಾರುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅವುಗಳಲ್ಲಿ ಕಪ್ಪು ಮೈಯ ಮೇಲೆ ಹಳದಿ ಗೆರೆಯುಳ್ಳ ತಂತಿಯು ನಿಲುಗಡೆಯದು. ಹಳದಿ ಮೈಯ ಮೇಲೆ ಕಪ್ಪು ಗೆರೆಯುಳ್ಳ ತಂತಿಯು ಚೋಕಿನದು. ಎಣ್ಣೆ, ಕೆಸರು ಹಿಡಿದ ಮೇಲೆ ಇವೆರಡನ್ನು ಗುರುತಿಸುವುದು ಹಗಲಿನಲ್ಲಿಯೂ ಕಷ್ಟ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂಡಿಸಿದರೆ, ಕೀಲಿಕೈಯನ್ನು ಚೋಕಿಗಾಗಿ ಒತ್ತಿದ ಕ್ಷಣದಲ್ಲಿ ಬ್ಯಾಟರಿಯ ವಿದ್ಯುತ್ತು ನಿಲುಗಡೆಯ ತಂತಿಗೆ ನುಗ್ಗಿ ಸಿ.ಡಿ.ಐ. ಸುಟ್ಟುಹೋಗುತ್ತದೆ. ಆದಕಾರಣ ಇಂಥ ತಂತಿಗಳ ತುದಿಗಳನ್ನು ಬಟ್ಟೆಯಿಂದ ಒರೆಸಿ, ಬೆಳಕಿನಲ್ಲಿ ನೋಡಿ, ಬಿಚ್ಚುವುದಕ್ಕೆ ಮುಂಚೆಯೇ ಒಂದೊಂದಕ್ಕೂ ಚೀಟಿಯನ್ನು ಕಟ್ಟುವುದು ಒಳ್ಳಿತು. ಮೊದಲು ಒಬ್ಬರು ಕೈ ಹಾಕಿದ ಮೋಟಾರಾದರೆ ಬಣ್ಣವನ್ನು ಪೂರ್ತಿಯಾಗಿ ನಂಬದೆ, ತಂತಿಯು ಎಂಜಿನ್ನಿನಲ್ಲಿ ಎಲ್ಲಿಗೆ ಹೋಗುತ್ತದೆಂಬುದನ್ನು ಬೆರಳಿನಿಂದ ಹಿಡಿದುಕೊಂಡು ಹೋಗಿ ನೋಡಬೇಕು.

ಜೋಡಣೆಯ ಕ್ರಮ

೧. ದೋಣಿಯನ್ನು ದಂಡೆಗೆ ತಂದು, ಪೆಟ್ರೋಲಿನ ಡಬ್ಬಿಯನ್ನು ದೂರ ಇಟ್ಟು, ಎಂಜಿನ್ನಿನ ಮುಚ್ಚಳವನ್ನು ತೆಗೆದು ಗಾಳಿಯಾಡಗೊಡಬೇಕು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ನಿಲ್ಲುತ್ತದೆ. ಒಂದು ಕಿಡಿ ಸಾಕು. ಬೀಡಿ, ಸಿಗರೇಟು ಸುತರಾಂ ಕೂಡದು.

೨. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚತಕ್ಕದ್ದು. ಕೆಲಸ ಮುಗಿದ ಮೇಲೆ ಅದನ್ನೇ ಕೊನೆಗೆ ಕೂಡಿಸತಕ್ಕದ್ದು.

೩. ತಂತಿಯು ಸಣ್ಣ ಸಣ್ಣ ಎಳೆಗಳನ್ನು ಹೆಣೆದುದಾಗಿರಬೇಕು. ಒಂದೇ ಎಳೆಯ ಗಟ್ಟಿ ತಂತಿಯು ಎಂಜಿನ್ನಿನ ನಡುಕದಿಂದ ತುಂಡಾಗುತ್ತದೆ. ತವರ ಲೇಪಿಸಿದ ತಾಮ್ರದ ತಂತಿಯು ದೊರೆತರೆ ಅತ್ಯುತ್ತಮ. ಅದಕ್ಕೆ ಬೇಗನೆ ಕಿಲುಬು ಹತ್ತುವುದಿಲ್ಲ. ದಪ್ಪವು ೧.೫ ಚದರ ಮಿಲಿಮೀಟರಿಗೆ ಕಡಿಮೆಯಿರಕೂಡದು. ಬ್ಯಾಟರಿಯಿಂದ ಬರುವ ಕೆಂಪು ತಂತಿಗೂ ಚೋಕಿನ ತಂತಿಗೂ ೨.೫ ಚದರ ಮಿಲಿಮೀಟರಿನದು ಒಳ್ಳೆಯದು. ತೆಳುವಾದ ಉದ್ದ ತಂತಿಯಲ್ಲಿ ವಿದ್ಯುತ್ತು ಸೊರಗಿ, ಚೋಕಿನ ತಗಡು ಅರ್ಧ ಮಾತ್ರ ಮುಚ್ಚುವ ಸಂಭವವುಂಟು.

೪. ಕೆಂಪು ತಂತಿಯಲ್ಲಿ ಬ್ಯಾಟರಿಗೆ ಆದಷ್ಟು ಸಮೀಪದಲ್ಲಿ ಫ್ಯೂಸನ್ನು ಹಾಕಬೇಕು. ಸಾಮಾನ್ಯವಾಗಿ ಇದು ೨೦ ಆಂಪಿಯರಿನದು. ತಯಾರಕರ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲ್ಲು ಬೇರೆಯೇ ಇರುತ್ತದೆ. ಅದು ಕೀಲಿಕೈ ಸ್ವಿಚ್ಚಿನ ಮೂಲಕ ಹೋಗುವುದಿಲ್ಲ.

೫. ಎಸ್ ತಿರುಪಿನ ತಂತಿಯ ನಡುವೆ, ಗೇರು ನಡು ಸ್ಥಾನದಲ್ಲಿದ್ದಾಗ ಮಾತ್ರ ಕೂಡುವ ಚಿಕ್ಕ ಸ್ವಿಚ್ಚೊಂದು ಇರುತ್ತದೆ. ಅದು ಕೆಟ್ಟಿತೆಂದು ಅದನ್ನು ತಪ್ಪಿಸಿ ತಂತಿಯನ್ನು ನೇರವಾಗಿ ಕೂಡಿಸುವವರುಂಟು. ಹಾಗೆ ಮಾಡಿದರೆ ಗೇರಿನಲ್ಲಿದ್ದಾಗಲೇ ಎಂಜಿನ್ನು ಚಾಲೂ ಆಗಿ ದೋಣಿಯು ಜಿಗಿದು, ಅಂಚಿನಲ್ಲಿ ನಿಂತವರು ನೀರಿಗೆ ಬೀಳುತ್ತಾರೆ. ಕೆಟ್ಟ ಸ್ವಿಚ್ಚನ್ನು ಬದಲಿಸಬೇಕೇ ಹೊರತು ತಪ್ಪಿಸಕೂಡದು.

೬. ತಂತಿಗಳನ್ನು ಹೊಸೆದು ಟೇಪು ಸುತ್ತುವ ಪದ್ಧತಿಯನ್ನು ಬಿಡಬೇಕು. ತುದಿಗಳಿಗೆ ತಾಮ್ರದ ಲಗ್ಗುಗಳನ್ನು ಒತ್ತಿ ಕೂಡಿಸಿ, ಅವುಗಳ ಮೇಲೆ ಬಿಸಿಗೆ ಕುಗ್ಗುವ ನಳಿಗೆಯನ್ನು ಎಳೆದು, ನೀರು ಹೋಗದಂತೆ ಮುಚ್ಚಬೇಕು. ತಂತಿಯು ಲೋಹದ ಅಥವಾ ಹಲಗೆಯ ರಂಧ್ರದಲ್ಲಿ ತೂರುವ ಕಡೆಯಲ್ಲಿ ರಬ್ಬರಿನ ಬಳೆಯನ್ನು ಕೂಡಿಸಬೇಕು. ಸ್ವಿಚ್ಚಿನ ಕೆಳಗೆ ತಂತಿಯನ್ನು ತುಸು ಜೋಲುಬಿಟ್ಟು ಮೇಲಕ್ಕೆ ತಂದರೆ, ಅದರ ಗುಂಟ ಇಳಿದ ನೀರು ಸ್ವಿಚ್ಚಿನೊಳಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ.

ಜೀವರಕ್ಷಕ ದಾರ

ಮೋಟಾರು ನಡೆಸುವವನ ಮಣಿಕಟ್ಟಿಗೆ ಅಥವಾ ತೇಲುವ ಅಂಗಿಗೆ ಸಿಕ್ಕಿಸುವ ಕೆಂಪು ದಾರವೊಂದಿದ್ದು, ಅದರ ಇನ್ನೊಂದು ತುದಿಯ ಕೊಕ್ಕೆಯು ನಿಲುಗಡೆಯ ಗುಂಡಿಯಲ್ಲಿ ಕುಳಿತಿರುತ್ತದೆ. ನಡೆಸುವವನು ನೀರಿಗೆ ಬಿದ್ದರೆ ಕೊಕ್ಕೆಯು ಕಿತ್ತುಬಂದು ಎಂಜಿನ್ನು ನಿಲ್ಲುತ್ತದೆ. ಇದನ್ನು ಕೂಡ ನಿಲುಗಡೆಯ ತಂತಿ ಮತ್ತು ಎಂಜಿನ್ನಿನ ಮೈ ಇವೆರಡರ ನಡುವೆ, ಕೀಲಿಕೈ ಸ್ವಿಚ್ಚಿಗೆ ಜೊತೆಜೊತೆಯಾಗಿ ಕೂಡಿಸತಕ್ಕದ್ದು. ಒಂದರ ಮುಂದೆ ಒಂದಾಗಿ ಅಲ್ಲ. ಕೊಕ್ಕೆ ಇದ್ದಾಗ ಅಗಲಿದ್ದು, ಕೊಕ್ಕೆ ಕಿತ್ತಾಗ ಕೂಡುವ ಗುಂಡಿ ಇದಾಗಿರಬೇಕು. ಬ್ಯಾಟರಿಯಿಂದಲೇ ಕಿಡಿ ಪಡೆಯುವ ಮೋಟಾರುಗಳಿಗೆ ಇದಕ್ಕೆ ವಿರುದ್ಧವಾದ ಗುಂಡಿ ಬೇಕಾಗುತ್ತದೆ. ಆದುದರಿಂದ ಕೊಳ್ಳುವಾಗ ಮೋಟಾರಿನ ಹೆಸರನ್ನೂ ಮಾದರಿಯನ್ನೂ ತಿಳಿಸಬೇಕು.

ಕೊಕ್ಕೆಯು ಕಳೆದುಹೋದರೆ ಹಲವು ಮೋಟಾರುಗಳು ಚಾಲೂ ಆಗುವುದೇ ಇಲ್ಲ. ಇದೊಂದೇ ಕಾರಣಕ್ಕೆ ಎಂಜಿನ್ನು ಕೆಟ್ಟಿತೆಂದು ಬಿಚ್ಚಿ ಹಾಕುವುದುಂಟು. ಇನ್ನೊಂದು ಕೊಕ್ಕೆಯನ್ನು ದೋಣಿಯಲ್ಲಿಯೇ ಕಟ್ಟಿಡುವುದು ಜಾಣತನ.

ಪರೀಕ್ಷೆ

ಜೋಡಣೆ ಮುಗಿದೊಡನೆ ಕೀಲಿಕೈ ತಿರುಗಿಸುವ ಆತುರ ಬೇಡ. ನಿಲುಗಡೆಯ ತಂತಿಯನ್ನು ಎಂಜಿನ್ನಿನ ಕಡೆಯಲ್ಲಿ ಇನ್ನೂ ಕೂಡಿಸದೆ, ಬ್ಯಾಟರಿಯನ್ನು ಕೂಡಿಸಿ, ಆ ತಂತಿಯ ತುದಿಗೂ ಎಂಜಿನ್ನಿನ ಮೈಗೂ ಮಲ್ಟಿಮೀಟರನ್ನು ಹಿಡಿದು ವೋಲ್ಟುಗಳನ್ನು ನೋಡಬೇಕು. ಕೀಲಿಕೈಯನ್ನು ಬಂದ್, ಚಾಲೂ ಮಾಡಿ ನೋಡಿ, ಗೇರನ್ನು ನಡು ಸ್ಥಾನದಲ್ಲಿಟ್ಟು ಸ್ಟಾರ್ಟ್ ಮಾಡಿ, ಚೋಕನ್ನು ಒತ್ತಿ, ಯಾವ ಸ್ಥಾನದಲ್ಲಿಯೂ ಬ್ಯಾಟರಿಯ ವೋಲ್ಟುಗಳು ಅಲ್ಲಿ ಬರಕೂಡದು. ಸ್ಟಾರ್ಟ್ ಪರೀಕ್ಷೆಯಲ್ಲಿ ಎಂಜಿನ್ನು ತಿರುಗದಂತೆ ಎಸ್ ತಂತಿಯನ್ನು ರಿಲೇಯಿಂದ ಆ ಹೊತ್ತಿಗೆ ಬಿಚ್ಚಿಡುವುದು ಕ್ಷೇಮಕರ.

ಆ ಮೇಲೆ ಬ್ಯಾಟರಿಯನ್ನು ಪುನಃ ಬಿಚ್ಚಿ, ಮೀಟರನ್ನು ತಂತಿಯ ಸಂಬಂಧವನ್ನು ತೋರಿಸುವ ಸ್ಥಾನಕ್ಕೆ ತಿರುಗಿಸಿ ನೋಡಬೇಕು. ಕೀಲಿಕೈ ಬಂದ್ ಇದ್ದಾಗ ತಂತಿಗೂ ಮೈಗೂ ಸಂಬಂಧವಿರಬೇಕು. ಚಾಲೂ ಮಾಡಿದಾಗ ಇರಕೂಡದು. ಚಾಲೂ ಇದ್ದಾಗಲೇ ದಾರದ ಕೊಕ್ಕೆಯನ್ನು ಕಿತ್ತರೆ ಪುನಃ ಸಂಬಂಧ ಕಾಣಬೇಕು. ಇಷ್ಟೂ ಸರಿಯಾದರೆ ಮಾತ್ರ ನಿಲುಗಡೆಯ ತಂತಿಯನ್ನು ಎಂಜಿನ್ನಿಗೆ ಕೂಡಿಸಬಹುದು. ಬಲ್ಬು ಮತ್ತು ಬ್ಯಾಟರಿಗಳಿಂದ ತಂತಿಯನ್ನು ಪರೀಕ್ಷಿಸುವ ರೂಢಿಯು ಮಿಸ್ತ್ರಿಗಳಲ್ಲಿದೆ. ಎಂಜಿನ್ನಿಗೆ ಕೂಡಿಸಿದ ನಿಲುಗಡೆಯ ತಂತಿಯ ಮೇಲೆ ಆ ಪರೀಕ್ಷೆಯನ್ನು ಎಂದೂ ಮಾಡಗೊಡಕೂಡದು.

ಚೋಕಿನ ಪರೀಕ್ಷೆಯು ಸುಲಭ. ಬ್ಯಾಟರಿಯನ್ನು ಕೂಡಿಸಿ, ಕೀಲಿಕೈಯನ್ನು ಚಾಲೂ ಸ್ಥಾನದಲ್ಲಿಟ್ಟು ಒತ್ತಿದಾಗ ಟಕ್ಕೆಂದು ಸದ್ದಾಗಿ ತಗಡು ಪೂರ್ತಿಯಾಗಿ ಮುಚ್ಚಬೇಕು. ಬಿಟ್ಟೊಡನೆ ಪೂರ್ತಿಯಾಗಿ ತೆರೆಯಬೇಕು. ಸದ್ದಿಲ್ಲದಿದ್ದರೆ ಫ್ಯೂಸು, ಸಿ ತಿರುಪು, ಸುರುಳಿಯ ಕಪ್ಪು ತಂತಿ ಇವುಗಳನ್ನು ಅನುಕ್ರಮವಾಗಿ ನೋಡತಕ್ಕದ್ದು. ಸದ್ದಾಗಿಯೂ ತಗಡು ಪೂರ್ತಿಯಾಗಿ ಮುಚ್ಚದಿದ್ದರೆ ಸಲಾಕೆಗೆ ತುಕ್ಕು ಹಿಡಿದಿರಬಹುದು ಅಥವಾ ಬ್ಯಾಟರಿಯು ಸೋತಿರಬಹುದು.

ಕೊನೆಗೆ ಮೋಟಾರಿನ ಕಾಲನ್ನು ನೀರಿನಲ್ಲಿ ಅಥವಾ ನೀರು ತುಂಬಿದ ದೊಡ್ಡ ಪೀಪಾಯಿಯಲ್ಲಿ ಮುಳುಗಿಸಿ ಚಾಲೂ ಮಾಡಬೇಕು. ಒಣಗಿದಲ್ಲಿ ಓಡಿಸಿದರೆ ನೀರೆತ್ತುವ ರಬ್ಬರಿನ ಚಕ್ರವು ಸ್ವಲ್ಪ ಹೊತ್ತಿನಲ್ಲಿಯೇ ಹಾಳಾಗುತ್ತದೆ. ಎಂಜಿನ್ನು ತಣ್ಣಗಿದ್ದಾಗ ಮಾತ್ರ ಚೋಕನ್ನು ಎರಡು ಮೂರು ಸೆಕೆಂಡು ಒತ್ತಿ ಸ್ಟಾರ್ಟರನ್ನು ತಿರುಗಿಸಬೇಕು. ಒಂದೇ ಸಮನೆ ೧೦ ಸೆಕೆಂಡಿಗೆ ಮೀರಿ ತಿರುಗಿಸದೆ, ನಡುವೆ ವಿಶ್ರಾಂತಿ ಕೊಡಬೇಕು. ಒಮ್ಮೆ ಕೀಲಿಕೈಯಿಂದ ನಿಲ್ಲಿಸಿ ನೋಡಬೇಕು. ಪುನಃ ಚಾಲೂ ಮಾಡಿ ದಾರವನ್ನು ಕಿತ್ತು ನಿಲ್ಲಿಸಿ ನೋಡಬೇಕು. ಓಡುತ್ತಿರುವಾಗ ಬ್ಯಾಟರಿಯನ್ನು ಬಿಚ್ಚುವುದು ಪರೀಕ್ಷೆಯಲ್ಲ. ಅದರಿಂದ ಬ್ಯಾಟರಿಯನ್ನು ತುಂಬುವ ಭಾಗವು ಸುಡುವ ಭಯವಿದೆ.

ಹೊಳೆಯ ಮೇಲೆ ದೋಷ ಕಂಡುಬಂದರೆ

ಮೋಟಾರು ನಿಲ್ಲದಿದ್ದರೆ: ಮೊದಲು ಗೇರನ್ನು ನಡು ಸ್ಥಾನಕ್ಕೆ ತಂದು ಪಂಖೆಯನ್ನು ನಿಲ್ಲಿಸಬೇಕು. ಬಳಿಕ ಚೋಕನ್ನು ಒತ್ತಿ ಹಿಡಿದರೆ ಎಂಜಿನ್ನು ಗಾಳಿಯಿಲ್ಲದೆ ಉಸಿರುಗಟ್ಟಿ ಸಾಮಾನ್ಯವಾಗಿ ನಿಲ್ಲುತ್ತದೆ. ಅದೂ ಆಗದಿದ್ದರೆ ಪೆಟ್ರೋಲಿನ ನಳಿಗೆಯನ್ನು ಕಳಚಬೇಕು. ಉಳಿದ ಪೆಟ್ರೋಲು ಮುಗಿದೊಡನೆ ಎಂಜಿನ್ನು ನಿಲ್ಲುತ್ತದೆ.

ಕಿಡಿ ಬಾರದಿದ್ದರೆ: ಮೊದಲು ದಾರದ ಕೊಕ್ಕೆಯನ್ನು ನೋಡಬೇಕು. ಅದು ಸರಿಯಾಗಿದ್ದರೆ ನಿಲುಗಡೆಯ ತಂತಿಯನ್ನು ಎಂಜಿನ್ನಿನ ಕಡೆಯಲ್ಲಿ ಬಿಚ್ಚಿ ನೋಡಬೇಕು. ಆಗ ಕಿಡಿ ಬಂದರೆ ದೋಷವು ಎಂಜಿನ್ನಿನಲ್ಲಿಲ್ಲ, ಸ್ವಿಚ್ಚಿನಲ್ಲಿ ಅಥವಾ ತಂತಿಯಲ್ಲಿದೆ. ಪ್ರಾಣಾಪಾಯದ ಸಮಯದಲ್ಲಿ ಹಾಗೆಯೇ ಓಡಿಸಬಹುದಾದರೂ ಆಗ ಕೀಲಿಕೈಯೂ ದಾರವೂ ಕೆಲಸ ಮಾಡುವುದಿಲ್ಲವೆಂಬುದು ದೋಣಿಯಲ್ಲಿರುವ ಎಲ್ಲರಿಗೂ ಗೊತ್ತಿರಬೇಕು. ಬಿಚ್ಚಿದ ತುದಿಯು ಯಾರ ಕೈಗೂ ತಗಲದಂತೆ ಸುತ್ತಿಡಬೇಕು. ಓಡುವಾಗ ಎಂಜಿನ್ನಿನ ಆ ತುದಿಯಲ್ಲಿ ನೂರು ವೋಲ್ಟುಗಳಿಗೂ ಮೀರಿದ ವಿದ್ಯುತ್ತು ಇರುತ್ತದೆ.

ಎಂಜಿನ್ನು ಪೆಟ್ರೋಲಿನಲ್ಲಿ ನೆನೆದರೆ: ಚೋಕನ್ನು ಮುಟ್ಟದೆ, ಗೇರು ನಡು ಸ್ಥಾನದಲ್ಲಿರುವಾಗ ಗಾಳಿಯ ಬಾಗಿಲನ್ನು ಪೂರ್ತಿ ತೆರೆದು ಕೆಲವು ಸಲ ತಿರುಗಿಸಬೇಕು. ಅದರಿಂದಾಗದಿದ್ದರೆ ಪ್ಲಗ್ಗನ್ನು ಬಿಚ್ಚಿ ಒಣಗಿಸಬೇಕು. ಪ್ಲಗ್ಗು ಇಲ್ಲದೆ ತಿರುಗಿಸುವಾಗ ದಾರದ ಕೊಕ್ಕೆಯನ್ನು ಕಿತ್ತಿಟ್ಟರೆ ಕಿಡಿಯು ಹೊರಗೆ ಹಾರಿ ಪೆಟ್ರೋಲಿಗೆ ಬೆಂಕಿ ಹತ್ತುವ ಭಯವು ತಪ್ಪುತ್ತದೆ.

ಕಿಡಿಯೂ ಚೋಕೂ ಸರಿಯಿದ್ದು ಎಂಜಿನ್ನು ಚಾಲೂ ಆಗದಿದ್ದರೆ ಪೆಟ್ರೋಲನ್ನು ಸಂಶಯಿಸಬೇಕು. ಈಗಿನ ಪೆಟ್ರೋಲಿನಲ್ಲಿ ಇಥೆನಾಲ್ ಬೆರೆತಿರುತ್ತದೆ. ಈ ಭಾಗದ ಕಬ್ಬಿನ ಬೆಳೆಗಾರರಿಗೆ ಅದು ಹೊಸ ಹೆಸರಲ್ಲ. ಅದು ಗಾಳಿಯಲ್ಲಿನ ತೇವವನ್ನು ಹೀರುವುದರಿಂದ ಬಹುಕಾಲ ಇಟ್ಟ ಪೆಟ್ರೋಲಿನಲ್ಲಿ ನೀರು ತಳಕ್ಕೆ ಇಳಿಯುತ್ತದೆ. ಕಳೆದ ವರ್ಷದ ಪೆಟ್ರೋಲನ್ನು ಈ ವರ್ಷದ ಮಹಾಪೂರಕ್ಕೆ ನಂಬಕೂಡದು.

ವೇಳೆ ಮತ್ತು ಹೊಣೆ

ಹೊಳೆಯ ದಂಡೆಯ ಪಂಪುಗಳನ್ನು ನೀರು ಏರುವ ಮುಂಚೆಯೇ ಎತ್ತಿಡುವುದು ಈ ಭಾಗದ ರೈತರಿಗೆ ರೂಢಿಯಾಗಿದೆ. ದೋಣಿಯ ಪರೀಕ್ಷೆಯನ್ನೂ ಅದೇ ರೂಢಿಗೆ ತರಬೇಕು. ರೋಹಿಣಿ ಮಳೆಯೊಳಗಾಗಿ ತಂತಿ, ಸ್ವಿಚ್ಚು, ಫ್ಯೂಸುಗಳನ್ನು ನೋಡಿ ಮುಗಿಸಿ, ಕಾರಹುಣ್ಣಿಮೆಯ ಹೊತ್ತಿಗೆ ಮೋಟಾರನ್ನು ನೀರಿನಲ್ಲಿ ಓಡಿಸಿ ನಿಲ್ಲಿಸಿ ನೋಡಿದರೆ, ದೋಷವಿದ್ದಲ್ಲಿ ಸಾಮಾನು ತರಿಸಲು ಪುಷ್ಯ ಮಳೆಯತನಕ ಕಾಲಾವಕಾಶವಿರುತ್ತದೆ. ಆ ಮೇಲೆ ಎಂಟು ದಿನಕ್ಕೊಮ್ಮೆ ಚಾಲೂ ಮಾಡಿ ನಿಲ್ಲಿಸುವುದು ಸಾಕು. ಬೇಸಿಗೆಯಲ್ಲಿ ಗೋದಾಮಿನಲ್ಲಿಟ್ಟ ದೋಣಿಯ ತಂತಿಗಳನ್ನು ಇಲಿಗಳು ಕಡಿಯುವುದು ಸಾಮಾನ್ಯವಾದುದರಿಂದ, ಹಿಂದಿನ ವರ್ಷ ಸರಿಯಾಗಿತ್ತೆಂಬ ಮಾತು ಪ್ರಮಾಣವಲ್ಲ.

ದೋಣಿಯ ಕೀಲಿಕೈ, ಹೆಚ್ಚಿನ ಕೊಕ್ಕೆ, ಎರಡು ಫ್ಯೂಸುಗಳು, ಒಂದು ಪ್ಲಗ್ಗು, ಪಾನಾ, ತಂತಿಗಳ ಬಣ್ಣ ಬರೆದ ಕಾಗದ, ಇವಿಷ್ಟನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ, ಅದು ಯಾರ ಮನೆಯಲ್ಲಿದೆ ಎಂಬುದು ಊರಿಗೆಲ್ಲ ತಿಳಿದಿರುವಂತೆ ಮಾಡಬೇಕು. ಮೋಟಾರನ್ನು ಚಾಲೂ ಮಾಡಲೂ ನಿಲ್ಲಿಸಲೂ ಬಲ್ಲವರು ಕನಿಷ್ಠ ಮೂವರಾದರೂ ಊರಿನಲ್ಲಿರಬೇಕು. ಒಬ್ಬನೇ ಬಲ್ಲವನಿದ್ದು ಅವನು ಆಚೆಯ ದಂಡೆಯಲ್ಲಿ ಉಳಿದುಬಿಟ್ಟರೆ ದೋಣಿ ಇದ್ದೂ ಇಲ್ಲದಂತೆ. ದನಕರುಗಳನ್ನು ಇಂಥ ದೋಣಿಯಿಂದ ಸಾಗಿಸುವ ಆಸೆಯನ್ನು ಇಟ್ಟುಕೊಳ್ಳದೆ ನೀರು ಏರುವ ಮುಂಚೆಯೇ ಎತ್ತರದ ಸ್ಥಳಕ್ಕೆ ಹೊಡೆದುಕೊಂಡು ಹೋಗಬೇಕು; ದೋಣಿಯು ಮನುಷ್ಯರಿಗಾಗಿ ಉಳಿಯಲಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳುತ್ತಾರೆ. ಕತ್ತಲೆಯಲ್ಲಿ, ಮಳೆಯಲ್ಲಿ, ಹೊಳೆಯ ಮೊರೆತದ ನಡುವೆ ಕಪ್ಪು ಗೆರೆಯ ಹಳದಿ ತಂತಿ ಯಾವುದು, ಹಳದಿ ಗೆರೆಯ ಕಪ್ಪು ತಂತಿ ಯಾವುದು ಎಂದು ಹುಡುಕುವ ಪ್ರಸಂಗವು ಯಾವ ಊರಿಗೂ ಬರಬಾರದು. ಆ ಕೆಲಸಕ್ಕೆ ಬೇಸಿಗೆಯ ಒಂದು ಹಗಲು ಸಾಕು.